ನಂಬರ್ ಹಚ್ಚುವಾಕಿ

ಅವ್ವ ಮುಂಡರಗಿಯ ಜೀನ್ಸ್ ಘಟಕದಲ್ಲಿ ನಂಬರ್ ಹಚ್ಚುತ್ತಾಳೆ.
ಖಾಜಾ ಮಾಸ್ತರ ನೂರು ಪದರ ಒಟ್ಟಿ ಕತ್ತರಿಸಿದ ಬಟ್ಟೆ,
ಮೇಲಿನಿಂದ ಒಂದೊಂದೇ ಎತ್ತಿ, ಮೂಲೆಗೆ ಚೀಟಿ:
ಮೂವತ್ತೇಳರ ಮುಂಗಾಲು, ಮೂವತ್ತೇಳರ ಹಿಂಗಾಲು,
ಮೂವತ್ತೇಳರ ಕಿಸೆ, ನಡುಪಟ್ಟಿ.
ಮೂವತ್ತೆಂಟರದು ತಪ್ಪಿ ಬಂದು ಕೂತರೆ
ಹೊಲಿಯುವಾಗ ಗೊತ್ತಾಗುವುದಿಲ್ಲ,
ತೊಳೆದ ಮೇಲೆ ಗೊತ್ತಾಗುತ್ತದೆ:
ಒಂದು ಕಾಲು ಕಡುನೀಲಿ, ಒಂದು ಕಾಲು ಬೂದಿ.

ನಾನೇನು ಮಾಡುತ್ತೇನೆಂದು ಅವಳಿಗೆ ಹೇಳಬೇಕಾದಾಗ
ಇದನ್ನೇ ಹಿಡಿದುಕೊಂಡೆ.

ಉದ್ದನೆಯದೊಂದು ಎಳೆ, ಅವ್ವಾ, ಏಳು ಸಾವಿರ ಅಕ್ಷರದ್ದು,
ಪುಟ್ಟ ವೈರಸ್ಸೊಂದರ ಒಳಗಿಂದ ಬಿಚ್ಚಿದ್ದು.
ಇನ್ನೂರು ಚಿಕ್ಕ ಎಳೆ, ಒಂದೊಂದರ ಮೈಮೇಲೂ ಅದರ ಜಾಗ ಬರೆದಿದೆ.
ನಾಲ್ಕೇ ಅಕ್ಷರ. ಎ ಹುಡುಕುವುದು ಟಿಯನ್ನು, ಜಿ ಹುಡುಕುವುದು ಸಿಯನ್ನು.
ಚಿಕ್ಕದು ಒಂದು ತುದಿಯಿಂದ ಇಲ್ಲಿ ಹಿಡಿದು
ಇನ್ನೊಂದರಿಂದ ಎಲ್ಲೋ ದೂರ ಹಿಡಿದು
ಉದ್ದದ್ದನ್ನು ಎಳೆದು ಮಡಚುತ್ತದೆ.
ಮಡಚಿ ಮಡಚಿ ಒಂದು ಚೌಕ.
ಸೂಜಿಯಿಲ್ಲ, ಮೋಟರಿಲ್ಲ, ಟೇಬಲ್ಲಿನ ಮುಂದೆ ಯಾರೂ ಇಲ್ಲ.
ಚಿಟಿಕೆ ಉಪ್ಪು ಹಾಕಿ, ಕಾಯಿಸಿ, ನಿಧಾನ ಆರಲು ಬಿಟ್ಟರೆ ಸಾಕು,
ತಮ್ಮಷ್ಟಕ್ಕೆ ತಾವೇ.

"ಎಷ್ಟು ದೊಡ್ಡದಾಗ್ತತಿ?"
ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ಹನಿ ಇದೆಯಲ್ಲ,
ಅಷ್ಟು ನೀರಲ್ಲಿ ಮೂವತ್ತು ಸಾವಿರ ಕೋಟಿ ಚೌಕ.
ಅವ್ವ ಮಂಡಕ್ಕಿ ತೋಯಿಸುವುದನ್ನು ನಿಲ್ಲಿಸಲಿಲ್ಲ.
"ಅಷ್ಟು ಪೀಸಿಗೆ ರೇಟೆಷ್ಟು?"

ನಿಧಾನ ಆರಿಸುವ ಯಂತ್ರ ಕಾಲೇಜಿನಲ್ಲಿ ಇದ್ದದ್ದು ಒಂದೇ.
ಮೇ ತಿಂಗಳು, ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು.
ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ
ಎಂದು ನಗುವವರೂ ಮನೆಗೆ ಹೋದರು.
ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ
ಕೌಲ್ ಬಜಾರಿನ ನಮ್ಮ ಎರಡು ಖೋಲಿಗೆ ತಂದೆ.
ಅವ್ವ ಪಾಳಿಗೆ ಒಯ್ಯುವ ಚಹಾದ ಥರ್ಮಾಸು, ಮುಚ್ಚಳ ಸೀಳಿದ್ದು.
ಕುದಿನೀರು ಹುಯ್ದು, ಟ್ಯೂಬಿಗೆ ದಾರ ಕಟ್ಟಿ ಇಳಿಬಿಟ್ಟೆ:
ಜೀನ್ಸಿನ ಹಳದಿ ದಾರ, ಮನೆ ತುಂಬ ಅದೇ.

ರಾತ್ರಿ ಮಾಳಿಗೆಯ ಮೇಲೆ ಮಲಗಿದೆವು.
ಕೋಟೆಗುಡ್ಡ ಹಗಲೆಲ್ಲ ನುಂಗಿದ ಬಿಸಿಲನ್ನು
ಒಂದೇ ಸಲ ಉಗುಳುವುದಿಲ್ಲ;
ಹನ್ನೊಂದಕ್ಕೆ ಸ್ವಲ್ಪ, ಎರಡಕ್ಕೆ ಸ್ವಲ್ಪ,
ಬಂಡೆ ಆರುವುದನ್ನು ಬೆನ್ನು ಎಣಿಸುತ್ತದೆ.
ನಮ್ಮಿಬ್ಬರ ನಡುವೆ ಥರ್ಮಾಸು.
ಅವ್ವ ನಿದ್ದೆಗಣ್ಣಲ್ಲಿ ಅದರ ಮೇಲೂ ಸೆರಗೆಳೆದಳು.
ಒಳಗೆ ತಪ್ಪು ಜೋಡಿಗಳು ಬಿಸಿಗೆ ಬಿಟ್ಟುಕೊಳ್ಳುತ್ತಿರಬೇಕು,
ಅರ್ಧ ಹೊಂದಿದ್ದು ಜಾರಿ, ಮತ್ತೆ ಅಲೆದು,
ಪೂರಾ ಹೊಂದುವ ಕಡೆ ಹೋಗಿ ನಿಲ್ಲುತ್ತಿರಬೇಕು.
ಈ ಊರಿನ ಬಿಸಿಯನ್ನು ಇಷ್ಟು ವರ್ಷ ಬೈದಿದ್ದೆ.

ಮುಂಜಾನೆ ನಲ್ಲಿ ಬಂತು. ಅವ್ವ ಥರ್ಮಾಸು ಕೇಳಿದಳು.

ಹದಿನೇಳು ದಿನದ ಮೇಲೆ ಚಿತ್ರ ಬಂತು,
ಬೇರೆ ಊರಿನ ಸೂಕ್ಷ್ಮದರ್ಶಕದಿಂದ ನನ್ನ ಮೊಬೈಲಿಗೆ.
ಕಂದು ನೆಲದ ಮೇಲೆ ಚೌಕಗಳು,
ಅದಿರುಲಾರಿಯ ಧೂಳಿನಲ್ಲಿ ಚೆಲ್ಲಿದ ಚೀಟಿಗಳ ಹಾಗೆ.
ಅವ್ವ ಗೋಂದು ಒಣಗಿದ ಬೆರಳಿಂದ ಹಿಗ್ಗಿಸಿ ನೋಡಿದಳು.
"ಇದರ ಮೂಲಿ ಹರದೈತಿ. ಇವೆರಡು ಒಂದಕ್ಕೊಂದು ಅಂಟ್ಯಾವ.
ನೂರಕ್ಕ ಎಷ್ಟು ರಿಜೆಕ್ಟು?"
ಹದಿನೆಂಟು, ಅವ್ವಾ.
"ನಮ್ಮಲ್ಲಿ ಮೂರು."

ಬಹಳ ಹೊತ್ತಾದ ಮೇಲೆ, ಸಾಸಿವೆ ಸಿಡಿಯುವ ಸದ್ದಿನ ನಡುವೆ:
"ತಮ್ಮಷ್ಟಕ್ಕ ತಾವ ಅಂತಿ.
ಚೀಟಿ ಹಚ್ಚಿದಾಕಿ ನೀನ ಅಲ್ಲೇನು?
ಆಕೀ ಹೆಸರು ಎಲ್ಲೂ ಬರಂಗಿಲ್ಲ, ಬಿಡು.
ಪ್ಯಾಂಟಿನ ಮ್ಯಾಲೆ ಕಂಪನಿ ಹೆಸರು ಬರ್ತತಿ."

ವರದಿಯ ಮೊದಲ ಸಾಲಿನಲ್ಲೇ ಇತ್ತು: ಸ್ವಯಂಜೋಡಣೆ.
ಅಳಿಸಲಿಲ್ಲ. ಅದು ಸರಿಯಾದ ಪದ.
ಕೊನೆಯಲ್ಲಿ, ಕೃತಜ್ಞತೆಯ ಜಾಗದಲ್ಲಿ,
'ಒಂದು ಥರ್ಮಾಸಿಗಾಗಿ, ಸುಂಕಮ್ಮ ಅವರಿಗೆ' ಎಂದು ಬರೆದೆ.
ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಿಂದ ಕೇಳಿದ್ದಾರೆ:
ಯಾವ ಸಂಸ್ಥೆ?